ಹೊಂಗೆ ಮರವನ್ನೂ ಅದರ ತೊಗಟೆಯ ಕಲ್ಲುಹೂವನ್ನೂ ಹೋಲಿಸಿ ನೋಡುವುದು ಹೇಗೆ

ಜಯನಗರದಲ್ಲಿ ನಮ್ಮ ಮನೆ ಮುಂದೆ ಎರಡು ಹೊಂಗೆ ಮರಗಳಿವೆ. ತೊಗಟೆ ತುಂಬ ಬೂದುಬಣ್ಣದ ದುಂಡು ಮಚ್ಚೆಗಳು. ಹೋದ ವರ್ಷ ಯಾರೋ ಅದನ್ನು ರೋಗ ಅಂದುಕೊಂಡು ಒಂದು ಮರವನ್ನು ಕೆರೆದು ಸುಣ್ಣ ಬಳಿದುಬಿಟ್ಟರು. ನನಗೆ ತುಂಬಾ ಸಂಕಟವಾಯಿತು. ಅದು ರೋಗವಲ್ಲ, ಲೈಕೆನ್. ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟ. ಮರದಿಂದ ಊಟ ಕದಿಯುವುದಿಲ್ಲ, ಸುಮ್ನೆ ಅಂಟಿಕೊಂಡಿರುತ್ತದೆ.

ಹೊಂಗೆಯಲ್ಲಿ ಹೂವಿದೆ, ಲೈಕೆನ್‌ನಲ್ಲಿ ಇಲ್ಲ ಎಂದು ಹೋಲಿಸಿದರೆ ಒಂದೇ ನಿಮಿಷಕ್ಕೆ ಮುಗಿಯಿತು. ಇವೆರಡಕ್ಕೂ ಅಡುಗೆ ಮಾಡಿ ಹಾಕುವವರು ಯಾರು? ಅಲ್ಲಿಂದ ಶುರು ಮಾಡಿ.

ಮಳೆ ಇಲ್ಲದ ದಿನ ನೀರು ಚಿಮುಕಿಸುವ ಬಾಟಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ತನ್ನಿ. ಒಣ ಮಚ್ಚೆಗೆ ಎರಡು ಸಲ ನೀರು ಹೊಡೆದು ಸ್ವಲ್ಪ ಕಾಯಿರಿ. ಬೂದು ಹೋಗಿ ಹಸಿರು ಬರುತ್ತದೆ. ಮೇಲಿನ ಪದರ ಶಿಲೀಂಧ್ರದ್ದು. ಅದು ನೆನೆದಾಗ ಒಳಗಿನ ಹಸಿರು ಪಾಚಿ ಕಾಣುತ್ತದೆ. ಬಿಸಿಲಲ್ಲಿ ಅಡುಗೆ ಮಾಡುವುದು ಪಾಚಿ, ಮನೆ ಕಟ್ಟಿಕೊಡುವುದು ಶಿಲೀಂಧ್ರ. ಇದು ಇಬ್ಬರ ಸಂಸಾರ ಎಂದು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಶ್ವೆಂಡೆನರ್ 1867ರಲ್ಲೇ ಹೇಳಿದರು. ಲೈಕೆನ್‌ಗೆ ಇಡುವ ವೈಜ್ಞಾನಿಕ ಹೆಸರು ಮಾತ್ರ ಶಿಲೀಂಧ್ರದ್ದೇ.

ಹೊಂಗೆಯ ಅಡುಗೆಮನೆ ಅದರ ಎಲೆ. ಹಾಗಂತ ಅದು ಒಂಟಿಯೂ ಅಲ್ಲ. ಕುಂಡದಲ್ಲಿ ಬೆಳೆಸಿದ ಹೊಂಗೆ ಸಸಿಯ ಬೇರು ಬಿಡಿಸಿ ನೋಡಿ. ಪುಟ್ಟ ಗಂಟುಗಳು ಸಿಗಬಹುದು. ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಮೊದಲ ಸಲ ಇದನ್ನು ನೋಡಿದಾಗ ಎಷ್ಟೋ ಹೊತ್ತು ಸಸಿ ಹಿಡಿದು ಕುಳಿತಿದ್ದೆ. ಆದರೆ ಗಂಟಿಲ್ಲದಿದ್ದರೂ ಹೊಂಗೆ ಹೊಂಗೆಯೇ. ಪಾಚಿ ಇಲ್ಲದೆ ಕಲ್ಲುಹೂವಿಗೆ ಆ ರೂಪವೇ ಬರುವುದಿಲ್ಲ.

ಆಮೇಲೆ ನೀರು. ಹೊಂಗೆ ಬೇರಿನಿಂದ ಕುಡಿಯುತ್ತದೆ. ಲೈಕೆನ್‌ಗೆ ಬೇರಿಲ್ಲ, ಮಳೆ, ಇಬ್ಬನಿಯನ್ನು ಮೈಯಿಂದಲೇ ಹೀರುತ್ತದೆ. ಗಾಳಿಯ ಕೊಳೆಯೂ ಜೊತೆಗೇ ಒಳಗೆ ಹೋಗುತ್ತದೆ, ಅಲ್ವಾ? ಅದಕ್ಕೇ ಗಂಧಕದ ಹೊಗೆ ಜಾಸ್ತಿ ಇರುವ ಕಡೆ ಎಷ್ಟೋ ಜಾತಿಗಳು ಉಳಿಯುವುದಿಲ್ಲ. ಪಿಕ್ಸೈನ್ ಕೊಕೊಯೆಸ್ ಎಂಬುದು ಊರಿನ ಹೊಗೆಯನ್ನು ತಡೆದುಕೊಳ್ಳುವ ಜಾತಿ. ಕತ್ತಲಾದ ಮೇಲೆ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಹಿಡಿಯಿರಿ. ಮಚ್ಚೆ ಹಳದಿಯಾಗಿ ಹೊಳೆದರೆ ಅದೇ ಇರಬಹುದು.

ಕೊನೆಗೆ ಬೆಳವಣಿಗೆ. ಪಾರದರ್ಶಕ ಹಾಳೆ ಒತ್ತಿ ಹಿಡಿದು ಮಚ್ಚೆಯ ಅಂಚನ್ನು ಪೆನ್ನಿನಲ್ಲಿ ಎಳೆದುಕೊಳ್ಳಿ. ನಾನು ಪ್ರತಿ ಯುಗಾದಿಗೆ, ಹೊಂಗೆ ಚಿಗುರುವಾಗ ಎಳೆಯುತ್ತೇನೆ. ಸುಣ್ಣ ಬಳಿಯದ ಮರದ ಹಾಳೆಯಲ್ಲಿ ಈಗ ಮೂರು ಗೆರೆಗಳಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಕ್ಕಿಕಾಳಿನ ದಪ್ಪದಷ್ಟೇ ಜಾಗ.