‘ಎ ರೈಸಿನ್ ಇನ್ ದ ಸನ್’ ನಾಟಕದ ಕುಟುಂಬವನ್ನು ಓದುವ ಬಗೆ

ಅಮೆರಿಕದ ಕಪ್ಪು ಲೇಖಕಿ ಲೊರೇನ್ ಹ್ಯಾನ್ಸ್‌ಬೆರಿಯವರ ಈ ನಾಟಕವನ್ನು ಅಧ್ಯಯನಕ್ಕೋ ಪ್ರಯೋಗಕ್ಕೋ ಎತ್ತಿಕೊಂಡವರು ಪಾತ್ರಗಳ ಗುಣಸ್ವಭಾವಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು, ಹಣದ ಲೆಕ್ಕದಿಂದ ಓದನ್ನು ಆರಂಭಿಸುವುದು ಒಳ್ಳೆಯದು. ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ, ಶೌಚಾಲಯವನ್ನೂ ನೆರೆಯವರೊಡನೆ ಹಂಚಿಕೊಳ್ಳಬೇಕಾದ ಇಕ್ಕಟ್ಟಿನ ಬಾಡಿಗೆ ಮನೆಯಲ್ಲಿ, ಯಂಗರ್ ಎಂಬ ಕಪ್ಪುಜನರ ಕುಟುಂಬವೊಂದು ತೀರಿಕೊಂಡ ಯಜಮಾನನ ಜೀವವಿಮೆಯ 10,000 ಡಾಲರ್‌ಗಾಗಿ ಕಾಯುತ್ತಿದೆ. ತಾಯಿ ಲೀನಾಳಿಗೆ ಸ್ವಂತ ಮನೆ ಬೇಕು. ಕಾರು ಚಾಲಕನಾಗಿ ದುಡಿಯುವ ಮಗ ವಾಲ್ಟರ್‌ಗೆ ಮದ್ಯದಂಗಡಿ ತೆರೆಯಬೇಕು. ಮಗಳು ಬೆನೀತಾಳಿಗೆ ವೈದ್ಯೆಯಾಗಬೇಕು. ಒಂದು ಕಾಗದದ ಮೇಲೆ ಈ ಮೊತ್ತವನ್ನು ಬರೆದು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಅಂಕದಿಂದ ಅಂಕಕ್ಕೆ ಗುರುತಿಸುತ್ತ ಹೋಗಿ. ಲೀನಾ 3,500 ಡಾಲರನ್ನು ಮನೆಗೆ ಮುಂಗಡವಾಗಿ ಕೊಡುತ್ತಾಳೆ. ಉಳಿದ 6,500ವನ್ನು ಮಗನ ಕೈಗೆ ಒಪ್ಪಿಸಿ, ಅದರಲ್ಲಿ 3,000ವನ್ನು ತಂಗಿಯ ಓದಿಗೆ ತೆಗೆದಿರಿಸಿ ಮಿಕ್ಕದ್ದನ್ನು ಅವನ ಹೆಸರಿನಲ್ಲಿಟ್ಟುಕೊಳ್ಳಲು ಹೇಳುತ್ತಾಳೆ. ಅವನು ಇಡೀ 6,500ವನ್ನೂ ಅಂಗಡಿಗೆಂದು ಗೆಳೆಯನಿಗೆ ಕೊಟ್ಟು ಮೋಸಹೋಗುತ್ತಾನೆ.

ಎರಡನೆಯ ಓದಿನಲ್ಲಿ ಮೊದಲ ದೃಶ್ಯವನ್ನು ಮಾತ್ರ ನಿಧಾನವಾಗಿ ನೋಡಿ. ಶಾಲೆಗೆ ಹೊರಟ ವಾಲ್ಟರನ ಮಗ ಟ್ರಾವಿಸ್ 50 ಸೆಂಟ್ ಕೇಳಿದಾಗ ಅವನ ತಾಯಿ ರೂತ್ ಇಲ್ಲವೆನ್ನುತ್ತಾಳೆ. ಮಗನೆದುರು ಬಡತನವನ್ನು ಒಪ್ಪಿಕೊಳ್ಳಲಾರದ ವಾಲ್ಟರ್, ಕೇಳಿದ್ದರ ಮೇಲೆ ಇನ್ನೂ 50 ಸೆಂಟ್ ಸೇರಿಸಿ ಕೊಟ್ಟುಬಿಡುತ್ತಾನೆ. ಮರುಗಳಿಗೆಯಲ್ಲಿಯೇ ಕೆಲಸಕ್ಕೆ ಹೋಗುವ ಪ್ರಯಾಣದ ಖರ್ಚಿಗೆ ಹೆಂಡತಿಯ ಮುಂದೆ ಕೈಚಾಚಬೇಕಾಗುತ್ತದೆ. ಮುಂದೆ ನಡೆಯುವುದೆಲ್ಲ ಈ ಚಿಕ್ಕ ಘಟನೆಯ ಬೆಳೆದ ರೂಪವೆಂದೇ ನನ್ನ ಎಣಿಕೆ. ಆದ್ದರಿಂದ ವಾಲ್ಟರ್ ಪಾತ್ರ ಮಾಡುವವರು ಅವನನ್ನು ಹೊಣೆಗೇಡಿಯಂತೆ ತೋರಿಸಬಾರದು. ಅವನ ಆಸೆಯಲ್ಲಿ ಸ್ವಾರ್ಥವಿರುವಂತೆಯೇ ಮಗನ ಕಣ್ಣಿನಲ್ಲಿ ದೊಡ್ಡವನಾಗಬೇಕೆಂಬ ಹಂಬಲವೂ ಇದೆ.

ಒಡಕಿನ ಕಾರಣವನ್ನು ಹುಡುಕುವಾಗ ಯಾವುದೋ ಒಬ್ಬರ ತಪ್ಪಿಗೆ ಬೆರಳು ತೋರಿಸಿ ಮುಗಿಸದಿರಿ. ಲೀನಾ ಮಗನಿಗೆ ಹಣ ಒಪ್ಪಿಸುವುದು ಅಜಾಗರೂಕತೆಯಿಂದಲ್ಲ. ಹೊರಗಿನ ಲೋಕ ಅವನಿಗೆ ಮಾಡಿದ್ದನ್ನೇ ತಾನೂ ಮಾಡುತ್ತ ಬಂದೆನೆಂಬ ಅರಿವು ಅವಳಿಗೆ ಆಗಿರುತ್ತದೆ. ಹಣ ಹೋದ ಸುದ್ದಿ ಬರುವ ತುಸು ಮೊದಲು, ಮನೆಮಂದಿಯೆಲ್ಲ ಸೇರಿ ಹೊಸ ಮನೆಯ ಕೈತೋಟಕ್ಕೆಂದು ಲೀನಾಳಿಗೆ ತೋಟದ ಸಲಕರಣೆಗಳನ್ನು ಉಡುಗೊರೆ ಕೊಡುತ್ತಾರೆ, ಟ್ರಾವಿಸ್ ತನ್ನದೇ ಆಯ್ಕೆಯ ಟೋಪಿಯನ್ನು ಕೊಡುತ್ತಾನೆ. ತಾಲೀಮಿನಲ್ಲಿ ಈ ಸಂತೋಷಕ್ಕೆ ಸಾಕಷ್ಟು ಸಮಯ ಕೊಡಿ. ಇಲ್ಲಿ ಅವಸರಪಟ್ಟರೆ ಮುಂದಿನ ಆಘಾತ ಬರಿಯ ಕೂಗಾಟವಾಗಿ ಕೇಳಿಸುತ್ತದೆ.

ಮನೆಯ ಹೊರಗಿನ ಇತಿಹಾಸವನ್ನು ತಿಳಿಯದೆ ಕಾರ್ಲ್ ಲಿಂಡ್ನರ್ ಎಂಬ ಬಿಳಿಯನ ಪಾತ್ರ ಅರ್ಥವಾಗುವುದಿಲ್ಲ. ಬಿಳಿಯರ ಬಡಾವಣೆಗಳಲ್ಲಿ ಕಪ್ಪುಜನರಿಗೆ ಮನೆ ಮಾರಬಾರದೆಂಬ ಕರಾರುಗಳು ಜಾರಿಯಲ್ಲಿದ್ದ ಕಾಲದಲ್ಲಿ ಹ್ಯಾನ್ಸ್‌ಬೆರಿಯವರ ತಂದೆ ಷಿಕಾಗೋದ ಅಂಥದೊಂದು ಬಡಾವಣೆಯಲ್ಲಿ ಮನೆ ಕೊಂಡಿದ್ದರು. ಅದರಿಂದ ಹುಟ್ಟಿದ ಮೊಕದ್ದಮೆ 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು 1948ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ತೀರ್ಪಾಯಿತು. ಲೀನಾ ಮನೆ ಕೊಂಡಿರುವ ಬಿಳಿಯರ ಬಡಾವಣೆಯಾದ ಕ್ಲೈಬೋರ್ನ್ ಪಾರ್ಕ್‌ನ ನಿವಾಸಿಗಳ ಪರವಾಗಿ ಬರುವ ಲಿಂಡ್ನರ್‌ನ ಅಸ್ತ್ರ ನಯವಾದ ಮಾತು ಮತ್ತು ಮನೆಯನ್ನು ಲಾಭಕ್ಕೆ ಮರಳಿ ಕೊಳ್ಳುವ ಆಮಿಷ. ಅವನನ್ನು ಖಳನಂತೆ ಗದರಿಸುತ್ತ ಆಡಿಸಿದರೆ ಅವಮಾನದ ಹರಿತ ಹೋಗಿಬಿಡುತ್ತದೆ.

ಕೊನೆಯ ಅಂಕದಲ್ಲಿ ಆ ಆಮಿಷಕ್ಕೆ ತಲೆಬಾಗಲು ಸಿದ್ಧನಾಗಿ ಲಿಂಡ್ನರ್‌ನನ್ನು ಕರೆಸಿಕೊಂಡ ವಾಲ್ಟರ್, ಅವನೆದುರು ನಿಂತಾಗ ನಿರಾಕರಿಸುತ್ತಾನೆ. ಟ್ರಾವಿಸ್ ಅಲ್ಲಿಯೇ ಇದ್ದು ನೋಡಲಿ ಎಂದು ಲೀನಾ ಪಟ್ಟು ಹಿಡಿಯುತ್ತಾಳಲ್ಲ, ನಿರ್ದೇಶಕರ ಗಮನವೆಲ್ಲ ಅಲ್ಲಿರಬೇಕು. ಆ ಹುಡುಗ ವೇದಿಕೆಯಲ್ಲಿ ಎಲ್ಲಿ ನಿಲ್ಲುತ್ತಾನೆಂಬುದನ್ನು ಮೊದಲು ನಿರ್ಧರಿಸಿ, ಉಳಿದವರ ಜಾಗಗಳನ್ನು ಆಮೇಲೆ ಗೊತ್ತುಮಾಡಿ. ಒಗ್ಗಟ್ಟು ಮೂಡುವುದು ಅವರ ಕನಸುಗಳು ಒಂದಾದುದರಿಂದಲ್ಲ. ತಂದೆಯ ದುಡಿಮೆಯನ್ನು ಮಾರಿಕೊಳ್ಳಲು ಯಾರೂ ಒಪ್ಪದೆ ಹೋದುದರಿಂದ. ಹೋದ ಹಣ ಹೋಗಿಯೇ ಇದೆ, ಬೆನೀತಾಳ ಓದಿನ ಪಾಲೂ ಅದರಲ್ಲಿತ್ತು.

ಸಮಯ ಉಳಿಸಲೆಂದು ಅಂತ್ಯವನ್ನು ಕತ್ತರಿಸುವ ತಂಡಗಳು ಸಾಮಾನು ಸಾಗಿಸುವ ಹೊತ್ತಿನ ಅಣ್ಣತಂಗಿಯರ ಜಗಳವನ್ನು ದಯವಿಟ್ಟು ಕೈಬಿಡಬಾರದು. ಬೆನೀತಾ ಯಾರನ್ನು ಮದುವೆಯಾಗಬೇಕೆಂದು ಅವರಿಬ್ಬರೂ ಹಿಂದಿನಂತೆಯೇ ವಾದಿಸುತ್ತ ಹೊರಹೋಗುತ್ತಾರೆ, ದನಿಗಳು ದೂರವಾಗುತ್ತವೆ. ಖಾಲಿಯಾದ ಮನೆಯಲ್ಲಿ ಲೀನಾ ಒಬ್ಬಳೇ ನಿಲ್ಲುತ್ತಾಳೆ, ಹೊರಗೆ ಹೋಗುತ್ತಾಳೆ, ಮರೆತಿದ್ದ ತನ್ನ ಗಿಡಕ್ಕಾಗಿ ಮತ್ತೆ ಒಳಗೆ ಬರುತ್ತಾಳೆ. ಸಾಕಷ್ಟು ಬೆಳಕಿಲ್ಲದೆ ಬೆಳೆದ ಆ ಬಡಕಲು ಗಿಡವನ್ನು ಮೊದಲ ದೃಶ್ಯದಿಂದಲೇ ಪ್ರೇಕ್ಷಕರಿಗೆ ಕಾಣುವ ಕಿಟಕಿಯಲ್ಲಿ ಇಟ್ಟಿರಿ.