ಮಂಗನ ಕಾಯಿಲೆ: ಮೈಕು ಸೋತಲ್ಲಿ ಬಿಳಿ ಬಟ್ಟೆ ಗೆದ್ದಿತು

ಸಾಗರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ, ದರಗು (ಒಣ ಎಲೆ) ತರಲು ಹೋಗುವ ಮುನ್ನ, ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚದಂತೆ ಕೈಕಾಲಿಗೆ ಡೇಪಾ ಎಂಬ ಎಣ್ಣೆ ಹಚ್ಚಿಕೊಳ್ಳಿರೆಂದು ನಾನು ಮೂರು ಬೇಸಿಗೆ ಹೇಳಿದ್ದೇನೆ. ಮೊದಲೆರಡು ಬೇಸಿಗೆಯ ಮಾತೆಲ್ಲ ದಂಡವಾಯಿತು. ಮೈಕು ಕಟ್ಟಿದ ಆಟೋಗೆ ದಿನಕ್ಕೆ ಸುಮಾರು 1,500 ರೂಪಾಯಿ, ಕರಪತ್ರಕ್ಕೆ ಆರೇಳು ಸಾವಿರ ಹೋಯಿತು. ಅದರಲ್ಲಿ ಸತ್ತ ಮಂಗನ ಚಿತ್ರವನ್ನು ದೊಡ್ಡದಾಗಿ ಹಾಕಿಸಿದ್ದು ನನ್ನದೇ ತಪ್ಪು. ಊರಲ್ಲಿ ಮಂಗ ಸತ್ತಿಲ್ಲವಲ್ಲ ಎಂಬ ಧೈರ್ಯದಲ್ಲಿ ಜನ ಬರಿಗಾಲಿನಲ್ಲೇ ಬೆಟ್ಟಕ್ಕೆ ನಡೆದರು. ಕಚ್ಚುವ ಉಣುಗು ಯಾರ ಮನಸ್ಸಿಗೂ ಬಂದಿರಲಿಲ್ಲ. 2019ರಲ್ಲಿ ಇದೇ ತಾಲ್ಲೂಕಿನ ಅರಳಗೋಡಿನ ಸುತ್ತ ಈ ಕಾಯಿಲೆಯಿಂದ ಸಾವುಗಳಾದಾಗ ಹುಟ್ಟಿದ್ದ ಹೆದರಿಕೆಯೂ ಅಷ್ಟರಲ್ಲಿ ಮಾಸಿತ್ತು.

ಮೂರನೆಯ ವರ್ಷ, ಸಹೋದ್ಯೋಗಿಗಳು ನಗುತ್ತಿದ್ದರೂ, 120 ರೂಪಾಯಿಯ ಬಿಳಿ ಫ್ಲಾನಲ್ ಬಟ್ಟೆ ಕೊಂಡು, ಬೆಳಿಗ್ಗೆ ಹಾಲಿನ ಡೇರಿಗೆ ಬಂದವರ ಎದುರಿಗೇ ಪಕ್ಕದ ಸೊಪ್ಪಿನ ಬೆಟ್ಟದ ದರಗಿನ ಮೇಲೆ ಇಪ್ಪತ್ತು ಹೆಜ್ಜೆ ಎಳೆದು ತಂದೆ. ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಮರಿ ಉಣುಗುಗಳು ಹರಿದಾಡುತ್ತಿದ್ದವು. "ಇಷ್ಟು ಸಣ್ಣದಾ ಮಾರಾಯ್ರೇ, ನಾವು ಇದನ್ನ ಧೂಳು ಅಂತ ಕೊಡವ್ತಿದ್ವಲ್ಲ!" ಎಂದು ಅಜ್ಜಿಯೊಬ್ಬರು ಹಿಂದೆ ಸರಿದರು. ನಾನು ಅಂದು ಭಾಷಣವನ್ನೇ ಮಾಡಲಿಲ್ಲ. ಮೊದಲು ಯಾವ ಊರಿನಲ್ಲಿ, ಯಾರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಟ್ಟೆ ಎಳೆಯಬೇಕೆಂಬ ಗುಟ್ಟನ್ನು ಮಾತ್ರ ಇಲ್ಲಿ ಬರೆಯಲಾರೆ.

ಈ ಕಾಯಿಲೆಯ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ ಬಳಿಕ "ಸೂಜಿ ಯಾಕೆ ಕೊಡಲ್ಲ?" ಎಂಬ ಪ್ರಶ್ನೆ ಎಲ್ಲೆಡೆ ಎದುರಾಗುತ್ತಿತ್ತು. ಮೊದಮೊದಲು ಹಾರಿಕೆಯ ಉತ್ತರ ಕೊಟ್ಟು ನಂಬಿಕೆ ಕಳೆದುಕೊಂಡೆ. ಆಮೇಲೆ, ಅದರಿಂದ ನಿರೀಕ್ಷಿಸಿದಷ್ಟು ರಕ್ಷಣೆ ಸಿಗುತ್ತಿರಲಿಲ್ಲ, ಹೊಸದು ಬರುವವರೆಗೆ ಎಣ್ಣೆಯೇ ಗತಿ ಎಂದು ನೇರವಾಗಿ ಹೇಳಿದೆ. ಬೈದರು, ಆದರೆ ಬಾಟಲಿ ತೆಗೆದುಕೊಂಡು ಹೋದರು.

ನಡುವೆ ಶಾಲೆಯ ಮಕ್ಕಳಿಂದ ಹಾಡಿಸಿ ವಾಟ್ಸಾಪ್‌ನಲ್ಲಿ ಹಂಚಲು ನೋಡಿದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಅದು ನನ್ನ ಫೋನಿನಲ್ಲೇ ಉಳಿಯಿತು. ಎಣ್ಣೆಯ ಬಾಟಲಿಯನ್ನು ಕಿಟಕಿಯಿಂದ ತೆಗೆಸಿ ಕತ್ತಿ ತೂಗುಹಾಕುವ ಗೂಟಕ್ಕೇ ಕಟ್ಟಿಸಿದ್ದು ಮಾತ್ರ ಚೆನ್ನಾಗಿ ಫಲಿಸಿತು. ಕೊಡುವಾಗಲೇ ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದಿದ್ದರಿಂದ, ಬಾಯಿಮಾತು ನಂಬದೆ ಎಣ್ಣೆ ಎಷ್ಟು ಇಳಿದಿದೆ ಎಂದು ನೋಡಬಹುದಾಗಿತ್ತು. ನೆನಪಿನಿಂದ ಹೇಳುವುದಾದರೆ, ಮೊದಲು 40 ಮನೆಗಳಲ್ಲಿ ಏಳೆಂಟು ಮನೆಯವರು ಹಚ್ಚುತ್ತಿದ್ದರು. ಮಾರ್ಚ್ ಹೊತ್ತಿಗೆ ಮೂವತ್ತರ ಹತ್ತಿರ ಬಂದಿದ್ದರು. ಬಟ್ಟೆ ಮುಳ್ಳಿಗೆ ಸಿಕ್ಕಿ ಹರಿದಿದೆ; ಡಿಸೆಂಬರ್‌ಗೆ ಮುಂಚೆ ಇನ್ನೊಂದನ್ನು ಕೊಳ್ಳಬೇಕು.