ಸಾಹೇಬರ ಕಾಲದ ಮನೆತನದ ಬೇರು ಹುಡುಕುವುದು ಹೇಗೆ?

ಬೆಂಗಳೂರು ದಂಡಿನ ಹಳೇ ಬಂಗಲೆ, ಕೊಡಗಿನ ಕಾಫಿ ತೋಟ, ಕೆಜಿಎಫ್‌ನ ಗಣಿ ಕಾಲೊನಿ. ಬ್ರಿಟಿಷರ ಕಾಲದಲ್ಲಿ ಇಲ್ಲೆಲ್ಲ ಬಾಳಿದ ಇಂಗ್ಲಿಷ್, ಆಂಗ್ಲೋ ಇಂಡಿಯನ್ ಮನೆತನಗಳ ಮರಿಮಕ್ಕಳು ಇವತ್ತು ಬೆಂಗಳೂರಲ್ಲೂ ಇದ್ದಾರೆ, ಆಸ್ಟ್ರೇಲಿಯಾದಲ್ಲೂ ಇದ್ದಾರೆ. ಹಿರಿಯರ ಜಾಡು ಹಿಡಿಯಲು ಮುಖ್ಯವಾಗಿ ಎರಡು ಬಗೆಯ ಕಾಗದ ಬೇಕು: ಚರ್ಚಿನ ರಿಜಿಸ್ಟರು ಮತ್ತು ಕೋರ್ಟಿಗೆ ಹೋದ ಉಯಿಲು. ಜಾಸ್ತಿ ಜನ ರಿಜಿಸ್ಟರು ಸಿಕ್ಕ ಕೂಡಲೇ ನಿಲ್ಲಿಸಿಬಿಡುತ್ತಾರೆ. ಸ್ವಾರಸ್ಯ ಇರುವುದು ಉಯಿಲಿನಲ್ಲಿ.

ಮೊದಲು ಮನೆಯಲ್ಲಿ ಏನಿದೆ ನೋಡಿ. ಸಮಾಧಿ ಕಲ್ಲಿನ ಫೋಟೊ, ಬೈಬಲ್ಲಿನ ಒಳಹಾಳೆಯಲ್ಲಿ ಬರೆದಿಟ್ಟ ಹೆಸರುಗಳು, ಪಿಂಚಣಿ ಕಾಗದ, ಯಾವುದಾದರೂ ಸರಿ. ಹೆಸರು, ಊರು, ಅಂದಾಜು ವರ್ಷ ಸಿಕ್ಕರೆ ಕೆಲಸ ಶುರು ಮಾಡಬಹುದು. ಹುಟ್ಟಿನಿಂದ ಹೊರಡಬೇಡಿ. ಸಾವಿನಿಂದ ಮದುವೆಗೆ, ಮದುವೆಯಿಂದ ಹುಟ್ಟಿಗೆ ಹಿಂದಕ್ಕೆ ಹೋಗಿ.

ಆ ಊರು ಆಗ ಯಾವ ಪ್ರೆಸಿಡೆನ್ಸಿಗೆ (ಬ್ರಿಟಿಷರ ದೊಡ್ಡ ಆಡಳಿತ ಪ್ರಾಂತ್ಯಕ್ಕೆ) ಸೇರಿತ್ತು ಅನ್ನುವುದು ಮುಂದಿನ ಪ್ರಶ್ನೆ. ಮಂಗಳೂರು, ಬಳ್ಳಾರಿ ಮದ್ರಾಸಿನವು. ಮೈಸೂರು ಸಂಸ್ಥಾನದ ನಡುವೆ ಇದ್ದರೂ ಬೆಂಗಳೂರು ದಂಡಿನ ಚರ್ಚುಗಳ ಲೆಕ್ಕವೂ ಮದ್ರಾಸಿಗೇ ಹೋಗುತ್ತಿತ್ತು. ಬೆಳಗಾವಿ, ಧಾರವಾಡದವರನ್ನು ಸಾಮಾನ್ಯವಾಗಿ ಮುಂಬೈ ಕಡತದಲ್ಲಿ ಹುಡುಕಬೇಕು. ಕಾರವಾರ ಮಾತ್ರ ಸ್ವಲ್ಪ ತರಲೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಹೋಯಿತು. ಹಾಗಾಗಿ ಅಣ್ಣ ಒಂದು ಕಡತದಲ್ಲಿ, ತಮ್ಮ ಇನ್ನೊಂದರಲ್ಲಿ ಸಿಕ್ಕರೆ ಗಾಬರಿ ಬೇಡ.

ಹುಟ್ಟು ಸಾವನ್ನು ಸರ್ಕಾರ ಕಡ್ಡಾಯವಾಗಿ ಬರೆದಿಡುವ ಪದ್ಧತಿ ಇಲ್ಲಿ ತುಂಬಾ ತಡವಾಗಿ ಬಂತು. ಅದಕ್ಕೂ ಮುಂಚೆ ಪಾದ್ರಿಗಳ ರಿಜಿಸ್ಟರೇ ಆಧಾರ. ಅದರ ನಕಲು ಪ್ರೆಸಿಡೆನ್ಸಿ ಕಚೇರಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ ಕಚೇರಿ) ದಾಖಲೆಗಳಲ್ಲಿವೆ. ಅಲ್ಲಿನ ಕಡತದ ಗುರುತು ಹೀಗಿದೆ: ಬಂಗಾಳದ್ದು ಎನ್/1, ಮದ್ರಾಸಿನದು ಎನ್/2, ಮುಂಬೈಯದು ಎನ್/3. ಮದ್ರಾಸಿನ ನಕಲುಗಳು 1698ರಿಂದಲೇ ಸಿಗುತ್ತವೆ. ಫ್ಯಾಮಿಲಿಸರ್ಚ್, ಫಿಬಿಸ್ (ಬ್ರಿಟಿಷ್ ಭಾರತದ ಮನೆತನಗಳ ಸಂಘ) ಜಾಲತಾಣಗಳಲ್ಲಿ ಸೂಚಿಯನ್ನು ಪುಕ್ಕಟೆ ಹುಡುಕಬಹುದು. ಮೂಲ ಪುಟದ ಚಿತ್ರ ಬೇಕಾದರೆ ಫೈಂಡ್‌ಮೈಪಾಸ್ಟ್ ಜಾಲತಾಣಕ್ಕೆ ದುಡ್ಡು ಕಟ್ಟಬೇಕು. ನನ್ನ ಕೇಳಿದರೆ, ಸೂಚಿಯಲ್ಲಿ ಹೆಸರು ಖಚಿತವಾಗುವ ತನಕ ಕಟ್ಟಬೇಡಿ.

ಪುಟ ಸಿಕ್ಕ ಮೇಲೆ ಒಂದು ಕಾಲಂ ಕೂಡ ಬಿಡದೆ ಓದಿ. ದೀಕ್ಷಾಸ್ನಾನದ ಪುಟದಲ್ಲಿ ಅಪ್ಪನ ಕೆಲಸ ಇರುತ್ತದೆ. ಮದುವೆಯ ಪುಟದಲ್ಲಿ ಹೆಣ್ಣು ವಿಧವೆಯೋ ಅಲ್ಲವೋ ಅಂತ ಬರೆದಿರುತ್ತದೆ. ದಂಡಿನಲ್ಲಿ ಗಂಡ ತೀರಿಕೊಂಡ ಕೆಲವೇ ತಿಂಗಳಿಗೆ ಮರುಮದುವೆ ಆಗುವುದು ಮಾಮೂಲಿ. ಅಜ್ಜಿ ಇದ್ದಕ್ಕಿದ್ದಂತೆ ಕಾಣೆಯಾದರೆ ಅವಳ ಹೊಸ ಮನೆಹೆಸರು ಹುಡುಕಿ. ಕ್ಯಾಥೊಲಿಕ್ ಪುಸ್ತಕಗಳಲ್ಲಿ ಬರಹ ಲ್ಯಾಟಿನ್ನಿನಲ್ಲಿ ಇರುತ್ತದೆ. ಜಾನ್ ಅಲ್ಲಿ ಜೊಆನ್ನೆಸ್ ಆಗಿರುತ್ತಾನೆ.

ಇನ್ನು ಉಯಿಲು. ಇದೇ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎಲ್/ಎಜಿ/34/29 ಅಂದರೆ ಉಯಿಲು ಮತ್ತು ಪ್ರೊಬೇಟ್ (ಉಯಿಲು ಸರಿಯೆಂದು ಕೋರ್ಟು ಕೊಡುವ ಒಪ್ಪಿಗೆ). ಎಲ್/ಎಜಿ/34/27 ಅಂದರೆ ಸತ್ತವರ ಆಸ್ತಿಪಟ್ಟಿ ಮತ್ತು ಲೆಕ್ಕ. ಎರಡನ್ನೂ ಜತೆಗಿಟ್ಟು ಓದಬೇಕು. ದೀಕ್ಷಾಸ್ನಾನದ ಪುಟದಲ್ಲಿ ಎಷ್ಟೋ ಸಲ ಮಗುವಿನ ತಾಯಿ ಬರೀ 'ದೇಶೀ ಹೆಂಗಸು'. ಅದೇ ಸಾಹೇಬ ತನ್ನ ಉಯಿಲಿನಲ್ಲಿ ಆಕೆಯ ಹೆಸರು ಹೇಳಿ ಮನೆಯನ್ನೋ ತಿಂಗಳ ಖರ್ಚನ್ನೋ ಬರೆದಿಟ್ಟಿರುವುದುಂಟು. ಊರಿನ ಮೂಲದ ಅಜ್ಜಿಯ ಹೆಸರು ಸಿಗಬಹುದಾದ ಜಾಗ ಇದೊಂದೇ ಆಗಿರಬಹುದು.

ಆಸ್ತಿಪಟ್ಟಿಯೂ ಕಡಿಮೆಯದಲ್ಲ. ಸತ್ತವನ ಕುದುರೆ, ಕುರ್ಚಿ, ಅಂಗಿಗಳನ್ನೆಲ್ಲ ಹರಾಜು ಹಾಕಿ, ಯಾರು ಎಷ್ಟಕ್ಕೆ ಕೊಂಡರು ಅಂತ ಸಾಲುಸಾಲಾಗಿ ಬರೆಯುತ್ತಿದ್ದರು. ಆ ಕೊಂಡವರೇ ಅವನ ಗೆಳೆಯರು, ನೆರೆಯವರು. 1818ರ ತನಕ ಮದ್ರಾಸಿನ ಲೆಕ್ಕ ರೂಪಾಯಿಯಲ್ಲಿಲ್ಲ, ವರಹದಲ್ಲಿದೆ: 80 ಕಾಸಿಗೆ ಒಂದು ಫಣಂ, 42 ಫಣಂಗೆ ಒಂದು ವರಹ. ವರಹ ಅಂದರೆ ಸುಮಾರು ಮೂರೂವರೆ ರೂಪಾಯಿ.

ಉಯಿಲು ಬರೆಯದೇ ಸತ್ತಿದ್ದರೆ 'ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್' ಹುಡುಕಿ, ಅಂದರೆ ಸತ್ತವರ ಆಸ್ತಿ ನೋಡಿಕೊಳ್ಳಲು ಕೋರ್ಟು ಕೊಟ್ಟ ಅಧಿಕಾರಪತ್ರ. ಇಂಗ್ಲೆಂಡಿನಲ್ಲೂ ಆಸ್ತಿ ಬಿಟ್ಟು ಹೋಗಿದ್ದರೆ ಅಲ್ಲೂ ಒಂದು ದಾಖಲೆ ಇರುತ್ತದೆ. 1858ರಿಂದ ಈಚಿನದು ಅಲ್ಲಿನ ಪ್ರೊಬೇಟ್ ಸೂಚಿಯಲ್ಲಿ, ಹಿಂದಿನದು ಹೆಚ್ಚಾಗಿ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಪ್ರಾಬ್ 11 ಕಡತದಲ್ಲಿ.

ಹೆಸರು ಹೊಂದಿತು ಅಂತ ಸುಮ್ನೆ ಒಪ್ಪಬೇಡಿ. ದಂಡಿನಲ್ಲಿ ಜಾನ್ ಸ್ಮಿತ್‌ಗಳಿಗೆ ಬರವೇ? ಉಯಿಲಿನ ಸಾಕ್ಷಿಗಳು, ಉಸ್ತುವಾರಿಗೆ ನೇಮಿಸಿದವರು, ಮದುವೆಗೆ ಸಹಿ ಹಾಕಿದವರು, ಇವರಲ್ಲಿ ಒಂದೆರಡು ಹೆಸರಾದರೂ ಎರಡೂ ಕಡೆ ಸಿಗಬೇಕು. ಸಿಗದಿದ್ದರೆ ಆ ಕೊಂಡಿಯನ್ನು ಪೆನ್ಸಿಲ್ಲಿನಲ್ಲೇ ಬರೆದಿಟ್ಟುಕೊಳ್ಳಿ.